ದೀಪಗಳಿಂದ ಅಳೆದ ನಿಯತಾಂಕ: ಪ್ಲಾಂಕ್‌ರಿಂದ ನಮ್ಮ ಮಕ್ಕಳ ಮೇಜಿನವರೆಗೆ

ಅಹ್ಮದಿಯಲ್ಲಿ ನೆಲೆಸಿರುವ ನಮಗೆಲ್ಲ ಎರಡು ಬಗೆಯ ಬೆಳಕು ಪರಿಚಿತವಾಗಿದೆ. ತೈಲಕ್ಷೇತ್ರದ ಕಡೆ ಅನಿಲ ಉರಿಯುವಾಗ ತೋರುವ ಹಳದಿ ಜ್ವಾಲೆ ಒಂದು. ಮನೆಯೊಳಗಿನ ಎಲ್‌ಇಡಿ ದೀಪದ ತಣ್ಣನೆಯ ಬೆಳಕು ಇನ್ನೊಂದು. ಈ ಊರು ಹುಟ್ಟಿದ್ದೇ ಮೊದಲನೆಯ ಬೆಳಕಿನ ಮೂಲದಿಂದ. 1938ರಲ್ಲಿ ಬುರ್ಗಾನ್‌ನಲ್ಲಿ ತೈಲ ದೊರೆಯಿತು. 1946ರ ಜೂನ್ 30ರಂದು ಕುವೈತ್‌ನ ಮೊದಲ ಕಚ್ಚಾತೈಲ ಹಡಗೇರಿತು. ಅಂದಿನ ಅಮೀರ ಶೇಖ್ ಅಹ್ಮದ್ ಅಲ್ ಜಾಬರ್ ಅವರ ಹೆಸರನ್ನು ಹೊತ್ತು ಅಹ್ಮದಿ ಬೆಳೆಯಿತು. 1991ರಲ್ಲಿ ಆರುನೂರಕ್ಕೂ ಹೆಚ್ಚು ಬಾವಿಗಳು ಹೊತ್ತಿ ಉರಿದವು. ಕೊನೆಯ ಬಾವಿಯ ಬೆಂಕಿ ನಂದಿದ್ದು ಅದೇ ವರ್ಷದ ನವೆಂಬರ್ 6ರಂದು.

ಜ್ವಾಲೆಯ ಬೆಳಕು ಕಾವಿನಿಂದ ಹುಟ್ಟುತ್ತದೆ. ಎಲ್‌ಇಡಿಗೆ ಕಾವು ಬೇಕಿಲ್ಲ. ಆದರೂ ಇವೆರಡರ ಹಿಂದೆ ಇರುವುದು ಒಂದೇ ಸಂಖ್ಯೆ, ಪ್ಲಾಂಕ್ ನಿಯತಾಂಕ. ಇಂದು ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬ ನಾಲ್ಕು ಬಣ್ಣದ ಎಲ್‌ಇಡಿಗಳಿಂದ ಈ ಸಂಖ್ಯೆಯನ್ನು ಅಂದಾಜು ಮಾಡಬಲ್ಲ. ಅಷ್ಟು ಸುಲಭವಾಗಲು ಒಂದು ಶತಮಾನದ ದುಡಿಮೆ ಬೇಕಾಯಿತು. ಆ ಚರಿತ್ರೆಯನ್ನು ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬರ್ಲಿನ್ನಿನ ರಾಷ್ಟ್ರೀಯ ಮಾಪನಸಂಸ್ಥೆಯಲ್ಲಿ ಕಾದ ಕಾಯಗಳ ಬೆಳಕನ್ನು ಅತ್ಯಂತ ನಿಖರವಾಗಿ ಅಳೆಯಲಾಗುತ್ತಿತ್ತು. ದೀಪೋದ್ಯಮಕ್ಕೆ ನಂಬಲರ್ಹವಾದ ಒಂದು ಮಾನಕ ಬೇಕಾಗಿದ್ದುದು ಅದಕ್ಕೆ ಒಂದು ಕಾರಣ. ಆ ಅಳತೆಗಳು ಹಳೆಯ ಸೂತ್ರಗಳಿಗೆ ಹೊಂದಲಿಲ್ಲ. ಮ್ಯಾಕ್ಸ್ ಪ್ಲಾಂಕ್ ಅವರು 1900ರ ಡಿಸೆಂಬರ್ 14ರಂದು ಜರ್ಮನ್ ಭೌತಶಾಸ್ತ್ರ ಸಂಘದ ಮುಂದೆ ಹೊಸ ವಿವರಣೆಯನ್ನಿತ್ತರು. ಶಕ್ತಿಯು ನೀರಿನ ಧಾರೆಯಂತೆ ಎಡೆಬಿಡದೆ ಹರಿಯುವುದಿಲ್ಲ, ಧಾನ್ಯದ ಕಾಳುಗಳಂತೆ ಎಣಿಕೆಗೆ ಸಿಗುವ ತುಣುಕುಗಳಲ್ಲಿ ವಿನಿಮಯವಾಗುತ್ತದೆ ಎಂಬುದು ಅದರ ತಿರುಳು. ಒಂದು ತುಣುಕಿನ ಶಕ್ತಿ ಬೆಳಕಿನ ಆವೃತ್ತಿಗೆ ಅನುಪಾತದಲ್ಲಿರುತ್ತದೆ. ಆ ಅನುಪಾತವೇ ಪ್ಲಾಂಕ್ ನಿಯತಾಂಕ. ಬರ್ಲಿನ್ನಿನ ಅಳತೆಗಳಿಂದ ಅವರು ಪಡೆದ ಬೆಲೆ, ಇಂದಿನ ಮಾನದಲ್ಲಿ ಹೇಳುವುದಾದರೆ, 6.55 × 10⁻³⁴ ಜೂಲ್ ಸೆಕೆಂಡ್.

1905ರಲ್ಲಿ ಐನ್‌ಸ್ಟೈನ್ ಇನ್ನೂ ಮುಂದೆ ಹೋದರು. ಬೆಳಕೇ ತುಣುಕುಗಳಾಗಿ ಬಂದು ಲೋಹದಿಂದ ಎಲೆಕ್ಟ್ರಾನುಗಳನ್ನು ಹೊರದೂಡುತ್ತದೆ ಎಂದರು. ಅಮೆರಿಕದ ರಾಬರ್ಟ್ ಮಿಲಿಕನ್ ಇದನ್ನು ಒಪ್ಪಲಿಲ್ಲ. ತಪ್ಪೆಂದು ತೋರಿಸುವ ನಿರೀಕ್ಷೆಯಿಂದಲೇ ಅವರು ಸುಮಾರು ಹತ್ತು ವರ್ಷ ಶ್ರಮಿಸಿದರು. ಲೋಹದ ಮೇಲ್ಮೈ ಗಾಳಿಗೆ ಮಸುಕಾಗದಂತೆ ನಿರ್ವಾತ ಗಾಜಿನ ಪಾತ್ರೆಯೊಳಗೇ ಅದನ್ನು ಚೂರಿಯಿಂದ ಹೆರೆಯುವ ಯಂತ್ರವನ್ನು ಅಳವಡಿಸಿದರು. ಒಂದೊಂದು ಬಣ್ಣದ ಬೆಳಕಿಗೂ ಎಲೆಕ್ಟ್ರಾನುಗಳನ್ನು ತಡೆಯಲು ಬೇಕಾದ ವೋಲ್ಟೇಜನ್ನು ಅಳೆದು, ಆವೃತ್ತಿಗೆ ಎದುರಾಗಿ ನಕ್ಷೆಯಲ್ಲಿ ಗುರುತಿಸಿದರು. ಬಿಂದುಗಳು ನೇರ ಗೆರೆಯಲ್ಲಿ ನಿಂತವು. ಆ ಗೆರೆಯ ಇಳುಕಲಿನಿಂದ 1916ರಲ್ಲಿ ದೊರೆತ ಬೆಲೆ 6.57 × 10⁻³⁴. ತಾವು ನಂಬದ ಸಿದ್ಧಾಂತದ ಸೂತ್ರ ಸರಿಯೆಂದು ಅವರು ತಾವೇ ಪ್ರಕಟಿಸಿದರು.

ಈ ಹೊತ್ತಿಗೆ ನಮ್ಮ ನಾಡಿನಲ್ಲೂ ಒಂದು ಬೀಜ ಬಿದ್ದಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದರು. ಪ್ಲಾಂಕ್‌ರಿಗೆ ಸಂದದ್ದೂ 1918ನೆಯ ಸಾಲಿನ ನೊಬೆಲ್ ಪಾರಿತೋಷಕವೇ. ಪತ್ರಿಕೆ ದೀರ್ಘಕಾಲ ಬಾಳಲಿಲ್ಲ. ಆದರೆ ಹೊಸ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದು, ಹೇಳಬೇಕು ಎಂಬ ಛಲ ಅಲ್ಲಿಂದ ನಮಗೆ ಬಂದ ಆಸ್ತಿ.

ಇನ್ನು ಎಲ್‌ಇಡಿಯ ಕಥೆ. 1907ರಲ್ಲಿ ಮಾರ್ಕೊನಿ ಕಂಪನಿಯ ಎಚ್. ಜೆ. ರೌಂಡ್ ಎಂಬವರು ಕಾರ್ಬೊರಂಡಮ್ ಹರಳಿಗೆ ವಿದ್ಯುತ್ ಹಾಯಿಸಿದಾಗ ಅದು ಮಿನುಗಿದ್ದನ್ನು ಚಿಕ್ಕ ಟಿಪ್ಪಣಿಯಲ್ಲಿ ವರದಿ ಮಾಡಿದರು. 1920ರ ದಶಕದಲ್ಲಿ ರಷ್ಯಾದ ಒಲೆಗ್ ಲೋಸೆವ್ ಅದೇ ಮಿನುಗನ್ನು ವರ್ಷಗಟ್ಟಲೆ ಅಭ್ಯಸಿಸಿದರು. ಹರಳು ಕಾದು ಬೆಳಗುತ್ತಿಲ್ಲ, ಇದು ಐನ್‌ಸ್ಟೈನ್ ವಿವರಿಸಿದ ಕ್ರಿಯೆಯ ತಿರುವುಮುರುವು ಎಂದು ಅವರು ಗುರುತಿಸಿದರು: ಅಲ್ಲಿ ಬೆಳಕು ಎಲೆಕ್ಟ್ರಾನನ್ನು ಹೊರಡಿಸುತ್ತದೆ, ಇಲ್ಲಿ ಎಲೆಕ್ಟ್ರಾನು ಬೆಳಕನ್ನು ಹೊರಡಿಸುತ್ತದೆ. ಲೆನಿನ್‌ಗ್ರಾಡ್ ಮುತ್ತಿಗೆಯ ಹಸಿವಿಗೆ ಸಿಲುಕಿ 1942ರಲ್ಲಿ ಅವರು ತೀರಿಕೊಂಡಾಗ ವಯಸ್ಸು ನಲವತ್ತೂ ಆಗಿರಲಿಲ್ಲ. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ರೂಪಿಸಿದರು. ಪ್ರಖರವಾದ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ಅದಕ್ಕಾಗಿ ಅಕಾಸಾಕಿ, ಅಮಾನೊ, ನಾಕಮುರ ಮೂವರಿಗೂ 2014ರಲ್ಲಿ ನೊಬೆಲ್ ದೊರೆಯಿತು. ಕೆಂಪಿನಿಂದ ನೀಲಿಯವರೆಗಿನ ಬಣ್ಣಗಳು ಅಂಗಡಿಯಲ್ಲಿ ಅಗ್ಗವಾಗಿ ಸಿಗತೊಡಗಿದ ಮೇಲೆ ಮಿಲಿಕನ್ನರ ನಕ್ಷೆ ಶಾಲೆಯ ಮೇಜಿಗೂ ಬಂದಿತು.

ಪ್ರಯೋಗದ ತತ್ತ್ವ ಸರಳ. ಎಲ್‌ಇಡಿಯೊಳಗೆ ಎಲೆಕ್ಟ್ರಾನು ಮೇಲಿನ ಶಕ್ತಿಮಟ್ಟದಿಂದ ಕೆಳಗಿಳಿಯುವಾಗ ಒಂದು ತುಣುಕು ಬೆಳಕು ಹೊರಬರುತ್ತದೆ. ಇಳಿತ ದೊಡ್ಡದಾದಷ್ಟೂ ಬಣ್ಣ ನೀಲಿಯತ್ತ ಸರಿಯುತ್ತದೆ, ದೀಪ ಹೊತ್ತಲು ಬೇಕಾದ ವೋಲ್ಟೇಜೂ ಏರುತ್ತದೆ. ಬ್ಯಾಟರಿ, ಪ್ರವಾಹವನ್ನು ಮಿತಿಗೊಳಿಸುವ ರೋಧಕ, ತಿರುಗಿಸುವ ವಾಲ್ಯೂಮ್ ಕಂಟ್ರೋಲ್, ಮಲ್ಟಿಮೀಟರ್ ಇಷ್ಟಿದ್ದರೆ ಸಾಕು. ಕಪ್ಪು ಕಾಗದದ ಕೊಳವೆಯೊಳಗೆ ದೀಪವನ್ನಿಟ್ಟು, ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತ, ಬೆಳಕು ಮೊದಲು ಕಂಡ ಕ್ಷಣದ ಅಳತೆಯನ್ನು ಬರೆದುಕೊಳ್ಳಬೇಕು. ಎಲೆಕ್ಟ್ರಾನಿನ ಆವೇಶ, ವೋಲ್ಟೇಜ್, ತರಂಗದೂರ ಈ ಮೂರನ್ನು ಗುಣಿಸಿ ಬೆಳಕಿನ ವೇಗದಿಂದ ಭಾಗಿಸಿದರೆ ನಿಯತಾಂಕ ದೊರೆಯುತ್ತದೆ.

630 ನ್ಯಾನೊಮೀಟರಿನ ಕೆಂಪು ದೀಪ 1.8 ವೋಲ್ಟಿನಲ್ಲಿ ಹೊತ್ತಿತೆಂದು ಇಟ್ಟುಕೊಳ್ಳೋಣ. ಲೆಕ್ಕದಿಂದ ಬರುವ ಬೆಲೆ ಸುಮಾರು 6.06 × 10⁻³⁴. ಪುಸ್ತಕದಲ್ಲಿರುವುದು 6.63. ನೂರಕ್ಕೆ ಎಂಟಕ್ಕಿಂತ ಹೆಚ್ಚಿನ ಈ ಕೊರತೆ ವಿದ್ಯಾರ್ಥಿಯ ಅಜಾಗ್ರತೆಯೇ ಆಗಬೇಕೆಂದಿಲ್ಲ. ಎಲೆಕ್ಟ್ರಾನುಗಳಿಗೆ ವಾತಾವರಣದ ಕಾವಿನಿಂದಲೂ ಅಲ್ಪಸ್ವಲ್ಪ ಶಕ್ತಿ ಒದಗುತ್ತದೆ. ಆದ್ದರಿಂದ ದೀಪ ಪೂರ್ಣ ವೋಲ್ಟೇಜಿಗೆ ಮೊದಲೇ ಮಿನುಗುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ಈ ವೋಲ್ಟೇಜ್ ಸುಮಾರು ಎರಡು ಮಿಲಿವೋಲ್ಟ್ ಇಳಿಯುತ್ತದೆ. ಅಹ್ಮದಿಯ ಬೇಸಿಗೆಯಲ್ಲಿ ಎಸಿ ಕೋಣೆಗೂ ಬಾಲ್ಕನಿಗೂ ಇರುವ ಅಂತರ ಮೀಟರಿನಲ್ಲೇ ಕಾಣುತ್ತದೆ. ಇದಕ್ಕೆ ಪರಿಹಾರ ಮಿಲಿಕನ್ನರ ದಾರಿಯೇ: ಒಂದೇ ದೀಪವನ್ನು ನಂಬದೆ ಹಲವು ಬಣ್ಣಗಳ ಬಿಂದುಗಳನ್ನು ಗುರುತಿಸಿ ಗೆರೆಯ ಇಳುಕಲನ್ನು ತೆಗೆದುಕೊಳ್ಳುವುದು. ಎಲ್ಲ ದೀಪಗಳಿಗೂ ಸಮಾನವಾದ ಕೊರತೆ ಆಗ ಕಳೆದುಹೋಗುತ್ತದೆ. ಆದರೆ ಬೇರೆಬೇರೆ ಬಣ್ಣಗಳು ಬೇರೆಬೇರೆ ಅರೆವಾಹಕಗಳಿಂದ ಆದವು. ಆದ್ದರಿಂದ ಕೊಂಚ ವ್ಯತ್ಯಾಸ ಉಳಿದೇ ಉಳಿಯುತ್ತದೆ.

ಚರಿತ್ರೆಯ ಕೊನೆಯ ತಿರುವು ಇತ್ತೀಚಿನದು. 2018ರ ನವೆಂಬರ್ 16ರಂದು ವರ್ಸೈಲ್ಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಮಹಾಸಭೆಯು ಪ್ಯಾರಿಸಿನ ಬಳಿ ಕಾಪಿಟ್ಟಿದ್ದ ಲೋಹದ ಕಿಲೋಗ್ರಾಮನ್ನು ಮಾನಕದ ಪೀಠದಿಂದ ಇಳಿಸಿತು. 2019ರ ಮೇ 20ರಿಂದ ಪ್ಲಾಂಕ್ ನಿಯತಾಂಕದ ಬೆಲೆ 6.62607015 × 10⁻³⁴ ಎಂದು ಶಾಶ್ವತವಾಗಿ ನಿಗದಿಯಾಗಿದೆ. ಕಿಲೋಗ್ರಾಮನ್ನೇ ಅದರಿಂದ ಪಡೆಯಲಾಗುತ್ತದೆ. ಸೂಕ್‌ನಲ್ಲಿ ನಾವು ತೂಗಿಸಿಕೊಳ್ಳುವ ಖರ್ಜೂರದ ತೂಕವೂ ಕೊನೆಗೆ ಈ ಸಂಖ್ಯೆಗೇ ಒರಗಿ ನಿಂತಿದೆ.

ಹಾಗಿದ್ದರೆ, ನಿಗದಿಯಾದುದನ್ನು ಮತ್ತೆ ಅಳೆಯುವುದೇಕೆ? ಈ ಪ್ರಶ್ನೆಯನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ, ಕೇಳಬೇಕು. ಇಂದು ಆ ಮೇಜಿನ ಮೇಲೆ ಪರೀಕ್ಷೆಗೆ ಒಳಗಾಗುವುದು ನಿಯತಾಂಕವಲ್ಲ. ನಮ್ಮ ಮೀಟರು, ನಮ್ಮ ಕಣ್ಣು, ನಮ್ಮ ದೀಪಗಳು ಮತ್ತು ನಮ್ಮ ಪ್ರಾಮಾಣಿಕತೆ. ಉತ್ತರ ಮೊದಲೇ ತಿಳಿದಿರುವಾಗ 6.06 ಎಂಬುದನ್ನು ಒರೆಸಿ 6.63 ಎಂದು ಬರೆಯುವ ಆಸೆ ಸಹಜ. ಅಂಕಗಳ ಭಯವಿರುವಲ್ಲಿ ಅದು ಇನ್ನೂ ಬಲವಾಗುತ್ತದೆ. ಮಿಲಿಕನ್ನರಿಗೂ ತಮ್ಮದೇ ಆದ ನಿರೀಕ್ಷಿತ ಉತ್ತರವೊಂದಿತ್ತು. ಅವರು ಪ್ರಕಟಿಸಿದ್ದು ಉಪಕರಣ ಕೊಟ್ಟ ಉತ್ತರವನ್ನು. ದೊರೆತ ಅಂಕಿಯನ್ನು ಹಾಗೆಯೇ ಉಳಿಸಿ, ಕೊರತೆಯ ಕಾರಣವನ್ನು ಅದರ ಕೆಳಗೆ ಬರೆಯುವ ಮಗು ಆ ಪರಂಪರೆಗೆ ಸೇರುತ್ತದೆ.

ಮುಂದಿನ ರಜೆಯಲ್ಲಿ ನಮ್ಮ ಸದಸ್ಯರು ಮಕ್ಕಳೊಡನೆ ಈ ಪ್ರಯೋಗವನ್ನು ಮಾಡಿನೋಡಲಿ ಎಂಬುದು ನಮ್ಮ ಆಶಯ. ಮನೆಯ ಗೋಡೆಯ ವಿದ್ಯುತ್ ಸಂಪರ್ಕವನ್ನು ಬಳಸಬಾರದು, ಬ್ಯಾಟರಿಯೇ ಸಾಕು. ಮಾಡಿದ್ದನ್ನು ಬೆಳ್ಳಾವೆಯವರು ತೋರಿದ ಹಾದಿಯಲ್ಲಿ ಒಂದು ಪುಟ ಕನ್ನಡದಲ್ಲಿ ಬರೆದಿಟ್ಟರೆ, ಭಾಷೆಗೂ ವಿಜ್ಞಾನಕ್ಕೂ ಒಟ್ಟಿಗೇ ಸೇವೆ ಸಂದಂತಾಗುತ್ತದೆ.