ಉಳುಕು, ಕಟ್ಟು ಮತ್ತು ಕೈಯ ನರ

ಕೈ ಉಳುಕಿದರೆ, ಭುಜ ತಪ್ಪಿದರೆ, ಹುಣಸೆಮರದಿಂದ ಬಿದ್ದ ಹುಡುಗನ ಮೊಣಕೈ ಊದಿಕೊಂಡರೆ ಎಲ್ಲಿಗೆ ಹೋಗಬೇಕು? ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಯ ಹಳ್ಳಿಗಳಲ್ಲಿ ಈ ಪ್ರಶ್ನೆಗೆ ಬಹುಕಾಲ ಎರಡು ಉತ್ತರಗಳಿದ್ದವು. ಒಂದು, ರೋಗಹರನೆಂದು ಹೆಸರಾದ ಶ್ರೀಕಂಠೇಶ್ವರನಿಗೆ ಹರಕೆ. ಇನ್ನೊಂದು, ಗರಡಿಮನೆಯ ಉಸ್ತಾದರು ಇಲ್ಲವೇ ಕಟ್ಟು ಕಟ್ಟುವ ನಾಟಿ ವೈದ್ಯರು. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ನಂಜುಂಡನ ಕೃಪೆಯಿಂದ ವಾಸಿಯಾಯಿತೆಂದೂ, ಅಂದಿನಿಂದ ಸುಲ್ತಾನ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂದೂ ಪ್ರತೀತಿ ಉಂಟು. ದೇವರೇ ಹಕೀಮನಾದ ಊರಿನಲ್ಲೂ ತಪ್ಪಿದ ಕೀಲನ್ನು ಕೂಡಿಸುವ ಕೆಲಸ ಮಾತ್ರ ಕುಸ್ತಿ ಬಲ್ಲವರದಾಗಿತ್ತು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕೆಮ್ಮಣ್ಣಿನ ಮಟ್ಟಿಯಲ್ಲಿ ದಿನವೂ ಇನ್ನೊಬ್ಬನ ಕೈ ತಿರುಚುವವನಿಗೆ ಕೀಲು ಎಷ್ಟು ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದು ಬೆರಳ ತುದಿಯಲ್ಲೇ ಇರುತ್ತದೆ. ಮೈಸೂರು ಸಂಸ್ಥಾನದಲ್ಲಿ ಈ ವಿದ್ಯೆಗೆ ಅರಮನೆಯ ಆಶ್ರಯವೂ ಇತ್ತು. ರಣಧೀರ ಕಂಠೀರವ ನರಸರಾಜ ಒಡೆಯರು (1638–1659) ಸ್ವತಃ ಜಟ್ಟಿಯೆಂದು ಹೆಸರಾದವರು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಇಂದಿಗೂ ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರುಗಳಿಂದ ಜಟ್ಟಿಗಳು ಬರುತ್ತಾರೆ. ನೆತ್ತರ ಮೊದಲ ಹನಿ ಕಂಡಕೂಡಲೇ ಕಾಳಗ ಮುಗಿಯುತ್ತದೆ. ಏಳು ಸಂಪುಟಗಳಲ್ಲಿ 1909ರಲ್ಲಿ ಹೊರಬಂದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಗ್ರಂಥದಲ್ಲಿ ಎಡ್ಗರ್ ಥರ್ಸ್ಟನ್, ತೆಲುಗು ಜಿಲ್ಲೆಗಳ ಜಟ್ಟಿಗಳು ಮೈ ತಿಕ್ಕಿ, ಮುಲಾಮು ಹಚ್ಚಿ ನರಗಳ ನೋವನ್ನು ವಾಸಿಮಾಡುವವರೆಂದು ಬರೆದಿದ್ದಾನೆ. ಹೈದರ್, ಟಿಪ್ಪುಗಳ ಕಾಲದಲ್ಲಿ ಮರಣದಂಡನೆಗೆ ಗುರಿಯಾದವರ ಕತ್ತು ತಿರುಚಲು ಜಟ್ಟಿಗಳನ್ನೇ ಬಳಸುತ್ತಿದ್ದರೆಂದು ಬ್ರಿಟಿಷ್ ಬರಹಗಾರರು ಹೇಳುತ್ತಾರೆ. ಕೀಲಿನ ವಿದ್ಯೆ ಎರಡೂ ಕಡೆಗೆ ಕೊಯ್ಯುವಂಥದು.

‘ನರಗಳ ನೋವು’ ಎಂಬ ಮಾತಿನಲ್ಲೇ ಒಂದು ತೊಡಕಿದೆ. ನಮ್ಮ ಹಳ್ಳಿಗಳಲ್ಲಿ ‘ನರ ಎಳೆದಿದೆ’, ‘ನರ ಹಿಡಿದುಕೊಂಡಿದೆ’, ‘ನರ ಉಬ್ಬಿದೆ’ ಎನ್ನುತ್ತಾರೆ. ಎಳೆದದ್ದು ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಹುರಿ, ಉಬ್ಬಿದ್ದು ರಕ್ತನಾಳ, ಹಿಡಿದುಕೊಂಡದ್ದು ಬಹುಮಟ್ಟಿಗೆ ಮಾಂಸಖಂಡವೇ. ಮಿದುಳಿನ ಸಂದೇಶವನ್ನು ಒಯ್ಯುವ ನಿಜವಾದ ನರಕ್ಕೆ ಬೇರೆ ಮಾತೇ ಇಲ್ಲ. ತಮಿಳಿನ ‘ನರಂಬು’ ವೀಣೆಯ ತಂತಿಗೂ ಸಲ್ಲುವ ಶಬ್ದ. ಕನ್ನಡಿಗರು ಇದಕ್ಕಾಗಿ ನಾಚಬೇಕಾಗಿಲ್ಲ. ಇಂಗ್ಲಿಷಿನ ‘ನರ್ವ್’ ಶಬ್ದಕ್ಕೆ ನಂಟಾದ ಗ್ರೀಕರ ‘ನ್ಯೂರಾನ್’ ಕೂಡ ಮೊದಲು ಹುರಿ, ಬಿಲ್ಲಿನ ಹೆದೆ ಎಂಬ ಅರ್ಥದ್ದೇ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹಿರೋಫಿಲಸ್ ಹೆಣಗಳನ್ನು ಕೊಯ್ದು ನೋಡಿದ ಮೇಲೆಯೇ ನರ ಬೇರೆ, ಹುರಿ ಬೇರೆ ಎಂಬುದು ಅವರಿಗೂ ತಿಳಿದದ್ದು.

ಹೀಗೆ ಬೇರ್ಪಡಿಸಿದ್ದರಿಂದ ಆದ ಪ್ರಯೋಜನವೇನು ಎಂಬುದಕ್ಕೆ 2ನೆಯ ಶತಮಾನದ ರೋಮಿನ ಒಂದು ಪ್ರಸಂಗವಿದೆ. ಪೌಸೇನಿಯಸ್ ಎಂಬ ಪಂಡಿತ ಗಾಡಿಯಿಂದ ಉರುಳಿದ. ಬೆನ್ನಿನ ಮೇಲ್ಭಾಗಕ್ಕೆ ಕಲ್ಲು ಬಡಿಯಿತು. ಕೆಲವು ದಿನಗಳಲ್ಲಿ ಕಿರುಬೆರಳು, ಉಂಗುರಬೆರಳು ಮತ್ತು ನಡುಬೆರಳಿನ ಅರ್ಧಭಾಗ ಜೋಮುಹಿಡಿದವು. ವೈದ್ಯರು ಬೆರಳುಗಳಿಗೇ ಲೇಪ ಹಚ್ಚುತ್ತ ಕೂತರು. ಗೇಲನ್ ಮಾತ್ರ ಬೆರಳುಗಳನ್ನು ಬಿಟ್ಟು ಬೆನ್ನುಹುರಿಯ ಬಳಿಗೆ ಔಷಧಿ ಹಚ್ಚಿಸಿದ. ಔಷಧಿಯ ಗುಣ ಹೇಗೇ ಇರಲಿ, ಬೆರಳಿನ ಜೋಮಿಗೆ ಕಾರಣ ಕುತ್ತಿಗೆಯ ಬುಡದಲ್ಲಿದೆ ಎಂಬ ಅವನ ತರ್ಕ ಇಂದಿಗೂ ಸರಿ.

ಇಂದಿನ ಶರೀರಶಾಸ್ತ್ರದ ಪ್ರಕಾರ, ಕುತ್ತಿಗೆಯ ಕೆಳಭಾಗದಿಂದ ನಾಲ್ಕು, ಎದೆಯ ಮೇಲ್ತುದಿಯಿಂದ ಒಂದು, ಹೀಗೆ ಐದು ನರದ ಬೇರುಗಳು ಹೊರಟು, ಕೊರಳೆಲುಬಿನ ಹಿಂದೆ ಜಡೆಯಂತೆ ಹೆಣೆದುಕೊಂಡು ಕಂಕುಳಿಗೆ ಇಳಿಯುತ್ತವೆ. ಅಲ್ಲಿಂದ ಅಂಗೈಗೆ ಮುಖ್ಯವಾದ ಮೂರು ನರಗಳು ಹೊರಡುತ್ತವೆ. ಮಣಿಕಟ್ಟನ್ನು ಮೇಲೆತ್ತುವುದು ರೇಡಿಯಲ್ ನರದ ಕೆಲಸ. ಅದು ತೋಳಿನ ಮೂಳೆಯನ್ನು ಹಿಂಬದಿಯಿಂದ ಸುತ್ತಿಕೊಂಡೇ ಇಳಿಯುವುದರಿಂದ ಮೂಳೆ ನಡುವೆ ಮುರಿದಾಗ ಅದಕ್ಕೂ ಪೆಟ್ಟಾಗಿ ಕೈ ಜೋತುಬೀಳಬಹುದು. ಕುಡಿದು ಮೈಮರೆತವನು ಬೆಂಚಿನ ಒರಗಿಗೆ ತೋಳು ನೇತುಹಾಕಿ ರಾತ್ರಿಯಿಡೀ ಮಲಗಿದರೂ ಇದೇ ಪಾಡು. ಮೊಣಕೈ ಗೋಡೆಗೆ ತಗುಲಿದಾಗ ಕಿರುಬೆರಳಿನವರೆಗೆ ಕರೆಂಟು ಹೊಡೆದಂತಾಗುವುದು ಅಲ್ನಾರ್ ನರದಿಂದ. ಮುದ್ದೆ ಮುರಿಯುವಾಗ ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ನಿಲ್ಲುತ್ತದಲ್ಲ, ಅದು ಮೀಡಿಯನ್ ನರದ ಕೃಪೆ. ಇನ್ನೂ ಒಂದು ಸೋಜಿಗ: ಬೆರಳುಗಳೊಳಗೆ ಅವನ್ನು ಮಡಿಸುವ ಸ್ನಾಯುಗಳೇ ಇಲ್ಲ. ಮಡಿಸುವ ಬಲ ಬಹುಮಟ್ಟಿಗೆ ಮುಂಗೈಯಲ್ಲಿದ್ದು, ಸೂತ್ರದ ಗೊಂಬೆಯಂತೆ ಹುರಿಗಳ ಮೂಲಕ ಬೆರಳನ್ನು ಎಳೆಯುತ್ತದೆ. ಮುಷ್ಟಿ ಬಿಗಿದು ಬಿಚ್ಚುತ್ತ ಮುಂಗೈಯನ್ನು ನೋಡಿದರೆ ಇದು ಯಾರಿಗಾದರೂ ಕಾಣುತ್ತದೆ.

ಸುಶ್ರುತನಿಗೆ ಇವೆಲ್ಲ ತಿಳಿದಿತ್ತೆ? ಸ್ವಲ್ಪ ತಿಳಿದಿತ್ತು, ಸ್ವಲ್ಪ ಇಲ್ಲ. ಹರಿಯುವ ನೀರಿನಲ್ಲಿ ಏಳು ದಿನ ಹೆಣವನ್ನಿಟ್ಟು, ಮೆತ್ತಗಾದ ಮೇಲೆ ಕುಂಚದಿಂದ ಪದರ ಪದರವಾಗಿ ಉಜ್ಜಿ ನೋಡಬೇಕೆಂದು ಅವನ ಸಂಹಿತೆ ವಿಧಿಸುತ್ತದೆ. 500 ಪೇಶಿ, 900 ಸ್ನಾಯು, 700 ಸಿರೆ, 107 ಮರ್ಮ ಎಂದು ಲೆಕ್ಕವನ್ನೂ ಕೊಡುತ್ತದೆ. (ನಮ್ಮ ಪಠ್ಯಪುಸ್ತಕಗಳ ‘ಸ್ನಾಯು’ ಅವನ ‘ಪೇಶಿ’, ಅವನ ‘ಸ್ನಾಯು’ ಬಿಗಿಯುವ ಹುರಿ. ಹಳೆಯ ಗ್ರಂಥ ಓದುವಾಗ ಈ ಅದಲುಬದಲು ಅನೇಕರನ್ನು ದಾರಿ ತಪ್ಪಿಸಿದೆ.) ಕೈಯೊಂದರಲ್ಲೇ 11 ಮರ್ಮಗಳು. ಅವುಗಳಲ್ಲಿ ಎದೆಗೂ ಕಂಕುಳಿಗೂ ನಡುವಿನ ಕಕ್ಷಧರಕ್ಕೆ ಪೆಟ್ಟಾದರೆ ಕೈ ಸ್ವಾಧೀನ ತಪ್ಪುತ್ತದೆ ಎನ್ನುತ್ತಾನೆ. ಐದು ಬೇರುಗಳ ಜಡೆ ಹಾದುಹೋಗುವುದು ಅದರ ಆಸುಪಾಸಿನಲ್ಲೇ. ನರದ ಹೆಸರು ಗೊತ್ತಿಲ್ಲದೆಯೂ ನರ ಹೋದರೆ ಏನಾಗುತ್ತದೆಂದು ಕಂಡಿದ್ದ ಕಣ್ಣು ಅದು.

ಕಟ್ಟಿನ ವಿಷಯದಲ್ಲಂತೂ ಅವನ ಮಾತು ಇನ್ನೂ ಖಚಿತ. ಭುಜ ತಪ್ಪಿದರೆ ಕಂಕುಳನ್ನು ಒನಕೆಯಿಂದ ಮೇಲೆತ್ತಿ ಕೂಡಿಸಿ, ಸ್ವಸ್ತಿಕಾಕಾರದ ಕಟ್ಟು ಹಾಕಬೇಕು. ಕಟ್ಟು ಸಡಿಲವಾದರೆ ಕೀಲು ನಿಲ್ಲದು. ಬಿಗಿಯಾದರೆ ಊತ, ನೋವು, ಕೀವು. ಆದ್ದರಿಂದ ನಡುತರದ ಕಟ್ಟೇ ಲೇಸು. ಚಳಿಗಾಲದಲ್ಲಿ 7 ದಿನಕ್ಕೊಮ್ಮೆ, ಸಾಧಾರಣ ಋತುವಿನಲ್ಲಿ 5 ದಿನಕ್ಕೊಮ್ಮೆ, ಬಿಸಿಲುಕಾಲದಲ್ಲಿ 3 ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು.

ಮೈಸೂರಿನಲ್ಲಿ 1908ರಲ್ಲೇ ಆಯುರ್ವೇದ ಕಾಲೇಜು ಆರಂಭವಾಯಿತು. ನಂಜನಗೂಡಿನಲ್ಲಿ ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಸ್ಥಾಪಿಸಿದರು. ಆದರೆ ಹಳ್ಳಿಯಲ್ಲಿ ಕಟ್ಟು ಕಟ್ಟುವವರು ಸಂಹಿತೆ ಓದಿ ಕಲಿತವರಲ್ಲ, ತಂದೆಯ ಕೈ ನೋಡಿ ಕಲಿತವರು. ಬಿದಿರಿನ ದಬ್ಬೆ, ಬಟ್ಟೆಯ ಪಟ್ಟಿ, ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಅವರ ಸಾಮಗ್ರಿ. ಅವರಲ್ಲಿ ನಿಪುಣರು ಕೂಡಿಸಿದ ಎಷ್ಟೋ ಕೈಗಳು ನೇಗಿಲು ಹಿಡಿದಿವೆ. ಸೊಟ್ಟಗೆ ಕೂಡಿದವೂ ಉಂಟು.

ಕೈ ಜೋತುಬಿದ್ದವರನ್ನು ಎಣ್ಣೆ ನೀವಿ ಗುಣಪಡಿಸಿದ ಖ್ಯಾತಿಗೆ ಮಾತ್ರ ಬೇರೊಂದು ವಿವರಣೆಯಿದೆ. ಎರಡನೆಯ ಮಹಾಯುದ್ಧದ ಗಾಯಾಳುಗಳನ್ನು ನೋಡಿದ ಇಂಗ್ಲೆಂಡಿನ ಹರ್ಬರ್ಟ್ ಸೆಡನ್ 1943ರಲ್ಲಿ ನರದ ಪೆಟ್ಟನ್ನು ಮೂರು ಬಗೆಯಾಗಿ ವಿಂಗಡಿಸಿದ. ಮೊದಲನೆಯದರಲ್ಲಿ ನರ ಅದುಮಿ ಮೂರ್ಛೆಹೋಗಿರುತ್ತದೆ, ಅಷ್ಟೇ. ಕೆಲವು ವಾರಗಳಲ್ಲಿ ತಾನೇ ಎಚ್ಚರಾಗುತ್ತದೆ. ಎರಡನೆಯದರಲ್ಲಿ ಒಳಗಿನ ಎಳೆಗಳು ಕಡಿದು ಹೊರಗಿನ ಕೊಳವೆ ಉಳಿದಿರುತ್ತದೆ. ಎಳೆಗಳು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಮತ್ತೆ ಬೆಳೆಯುತ್ತವೆ. ಮೂರನೆಯದರಲ್ಲಿ ನರವೇ ತುಂಡು, ಹೊಲಿಯದೆ ಗತಿಯಿಲ್ಲ. ಮೊದಲ ಬಗೆಯವರು ಎಣ್ಣೆ ಹಚ್ಚಿದರೂ, ಹರಕೆ ಹೊತ್ತರೂ, ಸುಮ್ಮನೆ ಮನೆಯಲ್ಲಿ ಕೂತರೂ ಗುಣವಾಗುತ್ತಿದ್ದರು. ಊರು ನೆನಪಿಟ್ಟದ್ದು ಅವರನ್ನೇ.

ಯಾರೂ ನೆನಪಿಡದೆ ಹೋದದ್ದು ಮಕ್ಕಳ ಮೊಣಕೈಯನ್ನು. ಮರದಿಂದ ಬಿದ್ದ ಆರೇಳು ವರ್ಷದ ಮಗುವಿಗೆ ಮೊಣಕೈಗೆ ತುಸು ಮೇಲೆ ಮೂಳೆ ಮುರಿಯುವುದು ಸಾಮಾನ್ಯ. ಆ ಮುರಿತದಿಂದ ಮುಂಗೈ ಊದಿಕೊಳ್ಳುತ್ತಿರುವಾಗಲೇ ಬಿಗಿಯಾದ ಕಟ್ಟು ಬಿದ್ದರೆ ಊತಕ್ಕೆ ಹೊರಗೆ ಜಾಗವಿಲ್ಲದೆ ಒತ್ತಡ ಒಳಗೇ ಏರುತ್ತದೆ. ಸಣ್ಣ ರಕ್ತನಾಳಗಳು ಮುಚ್ಚಿ ಮಾಂಸಖಂಡ ಉಸಿರುಗಟ್ಟುತ್ತದೆ. ಅದು ತಾಳುವುದು 6 ಗಂಟೆಯ ಆಸುಪಾಸು. ಆಮೇಲೆ ಸತ್ತ ಮಾಂಸ ಹಗ್ಗದಂತೆ ಗಟ್ಟಿಯಾಗಿ ಬೆರಳುಗಳನ್ನು ಒಳಕ್ಕೆ ಎಳೆದುಬಿಡುತ್ತದೆ. ಮೂಳೆ ಕೂಡುತ್ತದೆ, ಕೈ ಹೋಗುತ್ತದೆ. ಜರ್ಮನಿಯ ಹಾಲೆ ಪಟ್ಟಣದ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲಿ ಇದನ್ನು ವಿವರಿಸಿದ; ಆ ಸೊಟ್ಟ ಕೈಗೆ ಇಂದಿಗೂ ಅವನದೇ ಹೆಸರು. ಅವನು ದೂರಿದ್ದು ಬಿಗಿಯಾದ ಕಟ್ಟುಗಳನ್ನು. ಅವನ್ನು ಕಟ್ಟುತ್ತಿದ್ದವರಲ್ಲಿ ಓದಿದ ವೈದ್ಯರೂ ಇದ್ದರು. ಪ್ಲಾಸ್ಟರ್ ಕಟ್ಟು ಬಳಕೆಗೆ ಬಂದು ಆಗ ಮೂವತ್ತು ವರ್ಷವಷ್ಟೇ ಆಗಿತ್ತು. ಆದ್ದರಿಂದ ತಪ್ಪನ್ನೆಲ್ಲ ನಾಟಿ ವೈದ್ಯರ ತಲೆಗೇ ಕಟ್ಟುವುದು ನ್ಯಾಯವಲ್ಲ.

ಆದರೂ ಒಂದು ವ್ಯತ್ಯಾಸವಿದೆ. ಹಳ್ಳಿಯ ಕಟ್ಟಿನಲ್ಲಿ ಬಿಗಿತವೇ ಭದ್ರತೆಯ ಗುರುತು. ರಾತ್ರಿಯೆಲ್ಲ ಮಗು ಅತ್ತರೆ ‘ಮೂಳೆ ಕೂಡುವ ನೋವು’ ಎನ್ನುವ ಸಮಾಧಾನ. ಕಟ್ಟು ಬಿಚ್ಚುವುದು ವಾರದ ಮೇಲೆ. ಸುಶ್ರುತನ ಬೇಸಗೆಯ 3 ದಿನದ ನಿಯಮ ಪಾಲಿಸಿದ್ದರೂ ಈ ಕೈ ಉಳಿಯುತ್ತಿರಲಿಲ್ಲ. ಬೆರಳನ್ನು ನಿಧಾನವಾಗಿ ನೆಟ್ಟಗೆ ಮಾಡಿದರೆ ಚೀರುವಷ್ಟು ನೋವಾಗುವುದೇ ಮೊದಲ ಎಚ್ಚರಿಕೆ. ಮಣಿಕಟ್ಟಿನಲ್ಲಿ ನಾಡಿ ಆಗಲೂ ಸಿಗಬಹುದು. ನಾಡಿ ನೋಡಿ ಮೋಸಹೋದ ವೈದ್ಯರೂ ಇದ್ದಾರೆ. ಆ ಹೊತ್ತಿಗೆ ಕಟ್ಟನ್ನು ಪೂರ್ತಿ ಬಿಚ್ಚಬೇಕು. ಅಷ್ಟಕ್ಕೂ ಬಗ್ಗದಿದ್ದರೆ ಚರ್ಮ ಸೀಳಿ ಒತ್ತಡ ಇಳಿಸಬೇಕು.

1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದಿತು. ನಂಜನಗೂಡಿಗೂ ನರಸೀಪುರಕ್ಕೂ ಎಕ್ಸ್‌ರೇ, ಶಸ್ತ್ರಚಿಕಿತ್ಸೆಗಳು ಒಂದು ಬಸ್ಸಿನ ದೂರಕ್ಕೆ ಬಂದವು. ಈಗ ಕೈಗೆ ಒದಗುವ ಪೆಟ್ಟೂ ಬದಲಾಗಿದೆ. ಕುಸ್ತಿಯ ಮಟ್ಟಿಯಲ್ಲಿ ಭುಜದ ಮೇಲೆ ಬಿದ್ದಾಗ ಎಂದೋ ಒಮ್ಮೆ ಆಗುತ್ತಿದ್ದ ಪೆಟ್ಟು ಈಗ ಹೆದ್ದಾರಿಯಲ್ಲಿ ಆಗುತ್ತಿದೆ. ಮೋಟಾರು ಸೈಕಲ್ಲಿನಿಂದ ಎಸೆದಂತೆ ಬಿದ್ದಾಗ ತಲೆ ಒಂದು ಕಡೆ, ಭುಜ ಇನ್ನೊಂದು ಕಡೆ ಸೆಳೆದು, ಆ ಐದು ಬೇರುಗಳು ಹಿಗ್ಗುತ್ತವೆ, ಹರಿಯುತ್ತವೆ, ಕೆಲವೊಮ್ಮೆ ಬೆನ್ನುಹುರಿಯಿಂದಲೇ ಕಿತ್ತುಬರುತ್ತವೆ. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿಯೇ ಕಾಣಬಹುದು. ಕೈ ಮಾತ್ರ ಏಳುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ನರವನ್ನು ಜೋಡಿಸುವ, ಕೆಲಸ ಮಾಡುತ್ತಿರುವ ನರದ ಒಂದು ಕವಲನ್ನು ಸತ್ತ ನರಕ್ಕೆ ಕಸಿ ಮಾಡುವ ಶಸ್ತ್ರಚಿಕಿತ್ಸೆ ಇಂದು ಸಾಧ್ಯ. ಆದರೆ ಅದು ಮೊದಲ ಆರು ತಿಂಗಳೊಳಗೆ ಆದರೆ ಚೆನ್ನ. ‘ನರ ಎಳೆದಿದೆ, ನೀವಿದರೆ ಸರಿಹೋಗುತ್ತದೆ’ ಎಂಬ ಹಳೆಯ ಮಾತಿನಲ್ಲಿ ಕಳೆದುಹೋಗುವುದು ಆ ತಿಂಗಳುಗಳೇ. ಕುತ್ತಿಗೆಯ ಬುಡದಿಂದ ಅಂಗೈಯವರೆಗೆ ಹೆಚ್ಚುಕಡಿಮೆ 70 ಸೆಂಟಿಮೀಟರ್. ದಿನಕ್ಕೆ 1 ಮಿಲಿಮೀಟರ್‌ನಂತೆ ನಡೆದರೆ ನರ ಅಂಗೈ ಮುಟ್ಟಲು ಸುಮಾರು ಎರಡು ವರ್ಷ ಬೇಕು. ನರದ ಸಂದೇಶವಿಲ್ಲದೆ ಮಾಂಸಖಂಡ ಕಾಯುವುದು ಒಂದರಿಂದ ಒಂದೂವರೆ ವರ್ಷ ಮಾತ್ರ.