ವಿಧವೆಯ ಆಸ್ತಿಹಕ್ಕು: ಮಿತಾಕ್ಷರದಿಂದ ಇಂದಿನವರೆಗೆ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ಅಪುತ್ರನಾಗಿ ಗತಿಸಿದವನ ಧನಕ್ಕೆ ಪ್ರಥಮ ಅಧಿಕಾರಿಣಿ ಅವನ ಪತ್ನಿಯೇ ಎಂಬ ಸ್ಮೃತಿಕಾರನ ಮತವನ್ನು, ಅದಕ್ಕೆ ಪ್ರತಿಕೂಲವಾಗಿ ತೋರುವ ಇತರ ವಚನಗಳನ್ನೆಲ್ಲ ಎದುರಿಗಿಟ್ಟುಕೊಂಡು, ಸವಿಸ್ತಾರವಾಗಿ ಸಮರ್ಥಿಸಿದ್ದಾನೆ. ಆದರೆ ಆ ಅಧಿಕಾರವು ಪಾಲು ಪಡೆದು ಬೇರೆಯಾಗಿದ್ದವನ ಪತ್ನಿಗೆ ಮಾತ್ರ ಸಲ್ಲತಕ್ಕದ್ದಾಗಿತ್ತು. ಅವಿಭಕ್ತ ಕುಟುಂಬದಲ್ಲಿ ಗಂಡನು ತೀರಿಕೊಂಡೊಡನೆ ಅವನ ಅಂಶವು ಉಳಿದ ದಾಯಾದಿಗಳಲ್ಲಿ ಲೀನವಾಗಿ, ಅವಳ ಪಾಲಿಗೆ ಅನ್ನವಸ್ತ್ರಗಳ ಜೀವನಾಂಶವಷ್ಟೇ ನಿಲ್ಲುತ್ತಿತ್ತು. ವಂಗದೇಶದ ಜೀಮೂತವಾಹನನು ತನ್ನ ದಾಯಭಾಗದಲ್ಲಿ ಈ ಭೇದವನ್ನು ಒಪ್ಪದೆ, ಕುಟುಂಬವು ಒಡೆಯದಿದ್ದರೂ ಅಪುತ್ರನ ಪತ್ನಿಗೆ ಅವನ ಅಂಶ ಸಲ್ಲಬೇಕೆಂದನು.

ದಾಯದಿಂದ ಬಂದ ಆಸ್ತಿಯನ್ನೂ ಸ್ತ್ರೀಧನದಲ್ಲಿಯೇ, ಅಂದರೆ ಸ್ತ್ರೀಯ ಸ್ವಂತ ಸ್ವತ್ತಿನಲ್ಲಿಯೇ, ಪರಿಗಣಿಸಿದ್ದ ವಿಜ್ಞಾನೇಶ್ವರನ ಔದಾರ್ಯವು ಬ್ರಿಟಿಷರ ನ್ಯಾಯಸ್ಥಾನಗಳಲ್ಲಿ ಉಳಿಯಲಿಲ್ಲ. ವಿಧವೆಯು ಶಾಸ್ತ್ರಸಮ್ಮತವಾದ ಅಗತ್ಯವಿಲ್ಲದೆ ಗಂಡನ ಆಸ್ತಿಯನ್ನು ಪರಭಾರೆ ಮಾಡಲಾರಳೆಂಬ ನಿರ್ಬಂಧವು ಅವಳ ಹಕ್ಕಿನಲ್ಲಿಯೇ ಅಂತರ್ಗತವಾದುದೆಂದು ಪ್ರಿವಿ ಕೌನ್ಸಿಲು 1861ರಲ್ಲಿ ಹೇಳಿತು. ಗಂಡನಿಂದ ಬಂದ ಆಸ್ತಿಯು ಸ್ತ್ರೀಧನವೇ ಅಲ್ಲವೆಂದು 1867ರಲ್ಲಿ ನಿರ್ಣಯಿಸಿತು. ಹೀಗೆ ರೂಢಿಗೆ ಬಂದ ಪರಿಮಿತ ಸ್ವಾಮ್ಯದಲ್ಲಿ, ಅವಳು ಬದುಕಿರುವವರೆಗೆ ಫಲವನ್ನು ಉಣ್ಣಬಹುದಾಗಿತ್ತು. ಅವಳ ತರುವಾಯ ಆಸ್ತಿಯು ಗಂಡನ ವಾರಸುದಾರರಿಗೆ ಹಿಂದಿರುಗುತ್ತಿತ್ತು. ಪುನರ್ವಿವಾಹವನ್ನು ಊರ್ಜಿತಗೊಳಿಸಿದ 1856ರ ಕಾಯಿದೆಯು ಸಹ, ಮರುಮದುವೆಯಾದವಳು ಪೂರ್ವಪತಿಯ ಆಸ್ತಿಯನ್ನು ಕಳೆದುಕೊಳ್ಳತಕ್ಕದ್ದೆಂದು ವಿಧಿಸಿತ್ತು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಂಡ ಈ ನಿಯಮವು ಎಷ್ಟು ತರುಣ ವಿಧವೆಯರನ್ನು ವೈಧವ್ಯದಲ್ಲಿಯೇ ಕಟ್ಟಿಹಾಕಿತೋ ಹೇಳುವವರಿಲ್ಲ.

ಈ ಕಟ್ಟನ್ನು ಸಡಿಲಿಸುವ ಕಾರ್ಯದಲ್ಲಿ ಮೈಸೂರು ಸಂಸ್ಥಾನವು ಬ್ರಿಟಿಷ್ ಇಂಡಿಯಾಕ್ಕಿಂತ ಮುಂದಾಯಿತೆಂಬುದನ್ನು ನಾವು ಅಭಿಮಾನದಿಂದ ನೆನೆಯಬೇಕು. 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯು ಪಾಲಿನ ಸಮಯದಲ್ಲಿ ವಿಧವೆಗೆ, ಅವಳ ಗಂಡ ಬದುಕಿದ್ದರೆ ಪಡೆಯುತ್ತಿದ್ದ ಅಂಶದ ಅರ್ಧವನ್ನು ಕೊಟ್ಟಿತು; ಮೃತನಿಗೆ ಮಗಳಾಗಲಿ ಮಗಳ ಮಗನಾಗಲಿ ಇಲ್ಲದಿದ್ದರೆ, ಗಂಡನಿಂದ ಬಂದ ಆಸ್ತಿಯನ್ನು ಅವಳ ಸ್ತ್ರೀಧನವೆಂದೇ ಎಣಿಸಿತು. ಪ್ರಿವಿ ಕೌನ್ಸಿಲು ತಳ್ಳಿಹಾಕಿದ್ದ ವಿಜ್ಞಾನೇಶ್ವರನ ಮಾತು ಕನ್ನಡದ ನೆಲದಲ್ಲಿಯೇ ಭಾಗಶಃ ಮತ್ತೆ ಕಾನೂನಾಯಿತು. ನಾಲ್ಕು ವರ್ಷಗಳ ಅನಂತರ, 1937ರಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ ಶಾಸನಸಭೆಯ ಸದಸ್ಯ ದೇಶಮುಖರ ಪ್ರಯತ್ನದಿಂದ ಬಂದ ಕಾಯಿದೆಯು ವಿಧವೆಗೆ ಮಗನ ಸಮಾನವಾದ ಅಂಶವನ್ನು ವಿಧಿಸಿತಾದರೂ, ಆ ಹಕ್ಕನ್ನು ಪರಿಮಿತವಾಗಿಯೇ ಇಟ್ಟಿತು. ಪ್ರಾಂತಗಳ ವ್ಯವಸಾಯದ ಭೂಮಿಗೆ ಅದು ಅನ್ವಯಿಸದೆಂದು ಫೆಡರಲ್ ಕೋರ್ಟು 1941ರಲ್ಲಿ ಅಭಿಪ್ರಾಯಪಟ್ಟಿತು. ಹೊಲಗದ್ದೆಗಳೇ ಸರ್ವಸ್ವವಾಗಿದ್ದ ದೇಶದಲ್ಲಿ ಅಂಥ ಹಕ್ಕಿನ ಬೆಲೆ ಎಷ್ಟೆಂಬುದು ಸ್ವಯಂವೇದ್ಯ.

ಮಂಗಳೂರಿನ ಬೆನಗಲ್ ನರಸಿಂಗರಾಯರ ಸಮಿತಿಯು ರೂಪಿಸಿ, ಅಂಬೇಡ್ಕರರು ತಮ್ಮ ಮಂತ್ರಿಪದವಿಯನ್ನೇ ಪಣವಾಗಿಟ್ಟು ಹೋರಾಡಿದ ಹಿಂದೂ ಸಂಹಿತೆಯ ಒಂದು ಭಾಗವು 1956ರಲ್ಲಿ ಉತ್ತರಾಧಿಕಾರ ಕಾಯಿದೆಯಾಗಿ ಜಾರಿಗೆ ಬಂದಾಗ, ವಿಧವೆಯು ಮಕ್ಕಳ ಮತ್ತು ಅತ್ತೆಯ ಸಮಸಾಲಿನ ವಾರಸುದಾರಳಾದಳು. ಅದರ 14ನೆಯ ಕಲಮಿನ ಮೊದಲ ಉಪಬಂಧವು ಸ್ತ್ರೀಯ ವಶದಲ್ಲಿರುವ ಆಸ್ತಿಯೆಲ್ಲವೂ ಅವಳ ಪೂರ್ಣ ಸ್ವತ್ತೆಂದಿತು. ಎರಡನೆಯದು, ಉಯಿಲು, ದಾನಪತ್ರ, ಡಿಕ್ರಿ ಮೊದಲಾದವು ಪರಿಮಿತ ಹಕ್ಕನ್ನು ವಿಧಿಸಿದ್ದರೆ ಅದು ಹಾಗೆಯೇ ಉಳಿಯುವುದೆಂದಿತು. ಅಂದಿನಿಂದ ಇಂದಿನವರೆಗಿನ ವ್ಯಾಜ್ಯಗಳಲ್ಲಿ ಬಹುಪಾಲು ಈ ಎರಡು ವಾಕ್ಯಗಳ ನಡುವಣ ಹೋರಾಟವೇ ಆಗಿದೆ.

ತುಳಸಮ್ಮನ ಮೊಕದ್ದಮೆ ಇದಕ್ಕೆ ಉತ್ತಮ ನಿದರ್ಶನ. ಆಂಧ್ರದ ಈ ವಿಧವೆಗೆ ಜೀವನಾಂಶದ ಡಿಕ್ರಿಯಾಗಿ, 1949ರ ರಾಜಿಯಲ್ಲಿ ಕೆಲವು ಆಸ್ತಿಗಳು ದೊರೆತಿದ್ದವು. ಯಾವಜ್ಜೀವ ಅನುಭವಿಸಬೇಕು, ಪರಭಾರೆ ಮಾಡತಕ್ಕದ್ದಲ್ಲ ಎಂಬುದು ಕರಾರು. ಅವಳು ಅವುಗಳಲ್ಲಿ ಕೆಲವನ್ನು ಮಾರಲು, ಗಂಡನ ಸಹೋದರನು ದಾವಾ ಹೂಡಿದನು. ಹೈಕೋರ್ಟಿನಲ್ಲಿ ಸೋತ ಅವಳಿಗೆ 1977ರಲ್ಲಿ ಸುಪ್ರೀಂ ಕೋರ್ಟು ಜಯವನ್ನಿತ್ತಿತು: ಜೀವನಾಂಶದ ಹಕ್ಕು ಹಿಂದೂ ಪತ್ನಿಗೆ ಮೊದಲೇ ಇದ್ದುದು, ರಾಜಿಯು ಅದನ್ನು ಗುರುತಿಸಿತೇ ಹೊರತು ಹೊಸದಾಗಿ ದಯಪಾಲಿಸಲಿಲ್ಲ, ಆದುದರಿಂದ ಆಸ್ತಿ ಅವಳ ಪೂರ್ಣ ಸ್ವತ್ತು ಎಂಬುದು ನ್ಯಾಯಮೂರ್ತಿಗಳ ತರ್ಕ. ಅನ್ನದ ಹಕ್ಕನ್ನು ಭಿಕ್ಷೆಯೆಂದು ಭಾವಿಸಬಾರದೆಂಬ ಈ ತೀರ್ಪು ಈ ಕ್ಷೇತ್ರದ ಅತ್ಯುನ್ನತ ಘಟ್ಟವೆಂದು ನಾನು ನಂಬಿದ್ದೇನೆ.

ಆದರೆ ತನ್ನ ಸ್ವತ್ತನ್ನು ಉಯಿಲಿನ ಮೂಲಕ ಯಾರಿಗಾದರೂ ಬರೆಯುವ ಸ್ವಾತಂತ್ರ್ಯವನ್ನು ಅದೇ ಉತ್ತರಾಧಿಕಾರ ಕಾಯಿದೆಯ 30ನೆಯ ಕಲಮು ಗಂಡನಿಗೆ ಕೊಟ್ಟಿದೆ. ಪಂಜಾಬಿನ ಒಬ್ಬ ರೈತನು ಹೆಂಡತಿಗೆ ಅವಳ ಆಯುಷ್ಯಪರ್ಯಂತ, ತರುವಾಯ ತನ್ನ ಬಂಧುಗಳಿಗೆ ಎಂದು ಉಯಿಲು ಬರೆದು ತೀರಿಕೊಂಡನು; ಅವಳು ಆ ಭೂಮಿಯನ್ನು ಗುರುದ್ವಾರಕ್ಕೆ ದಾನವಿತ್ತಳು; 2006ರಲ್ಲಿ ಸುಪ್ರೀಂ ಕೋರ್ಟು ಆ ದಾನವನ್ನು ಊರ್ಜಿತವಲ್ಲವೆಂದಿತು. ಈ ತೀರ್ಪಿಗೂ ತುಳಸಮ್ಮನ ತೀರ್ಪಿಗೂ ಹೊಂದಿಕೆ ಹೇಗೆಂಬ ಪ್ರಶ್ನೆಯನ್ನು ಒಳಗೊಂಡ 14ನೆಯ ಕಲಮಿನ ಗೊಂದಲವನ್ನು 2024ರ ಡಿಸೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವು ವಿಸ್ತೃತ ಪೀಠದ ಮುಂದಿಡಲು ಆದೇಶಿಸಿತು.

ಉಯಿಲಿಗಿಂತ ಗಹನವಾದುದು ಟ್ರಸ್ಟು. ಗಂಡನು ಬದುಕಿರುವಾಗಲೇ ಸ್ವಾರ್ಜಿತ ಮನೆಹಣಗಳನ್ನು ಟ್ರಸ್ಟಿಗಳ ಹೆಸರಿಗೆ ವಹಿಸಿಬಿಟ್ಟರೆ, ಅವನ ಮರಣಾನಂತರ ಹಂಚಿಕೊಳ್ಳಲು ಅವನದೆಂಬ ಆಸ್ತಿಯೇ ಉಳಿಯದಿರಬಹುದು. ಪತ್ನಿಯು ಫಲಾನುಭವಿಯಾಗಿ ನಮೂದಾಗಿದ್ದರೆ, 1882ರ ಟ್ರಸ್ಟು ಕಾಯಿದೆಯ 57ನೆಯ ಕಲಮಿನಂತೆ ಟ್ರಸ್ಟಿನ ಪತ್ರವನ್ನೂ ಲೆಕ್ಕಪತ್ರಗಳನ್ನೂ ನೋಡಿ ನಕಲು ಪಡೆಯಬಲ್ಲಳು. ಅದು ಎಷ್ಟೋ ಸ್ತ್ರೀಯರು ಅರಿಯದ, ಅರಿತಿರಬೇಕಾದ ಹಕ್ಕು. ನಮೂದಾಗಿರದಿದ್ದರೆ 1956ರ ದತ್ತಕ ಮತ್ತು ಜೀವನಾಂಶ ಕಾಯಿದೆಯನ್ನು ಆಶ್ರಯಿಸಿ, ಪ್ರತಿಫಲವಿಲ್ಲದೆ ಆಸ್ತಿಯನ್ನು ಪಡೆದವರಿಂದ ಜೀವನಾಂಶವನ್ನು ಕೇಳಲು ಯತ್ನಿಸಬೇಕು. ಅಂದರೆ ಸ್ವಾಮಿನಿಯಾಗಬೇಕಾದವಳು ಪುನಃ ಅನ್ನವಸ್ತ್ರದ ಅರ್ಜಿದಾರಳಾಗುತ್ತಾಳೆ. ಇದಕ್ಕೆ ಹೋಲಿಸಿದರೆ, ಮುಸ್ಲಿಂ ಶಾಸ್ತ್ರವು ಮಕ್ಕಳಿದ್ದರೆ ಎಂಟನೆಯ ಒಂದಂಶವನ್ನು, ಇಲ್ಲದಿದ್ದರೆ ನಾಲ್ಕನೆಯ ಒಂದಂಶವನ್ನು ವಿಧವೆಗೆ ನಿಗದಿಮಾಡಿ, ವಾರಸುದಾರರ ಸಮ್ಮತಿಯಿಲ್ಲದೆ ಮೂರನೆಯ ಒಂದಂಶಕ್ಕಿಂತ ಹೆಚ್ಚನ್ನು ಉಯಿಲಿನಿಂದ ಕೊಡಲು ಬಿಡದು. ಆ ಅಂಶವು ಅಲ್ಪವೆಂದು ಆಕ್ಷೇಪಿಸಬಹುದು. ಆದರೆ ಗಂಡನ ಮರಣಶಾಸನವೊಂದೇ ಅದನ್ನು ಪೂರ್ತಿ ಅಳಿಸಲಾರದು. ಹಿಂದೂ ವಿಧವೆಗೆ ಅಂಥ ಅನಪಹಾರ್ಯವಾದ ಅಂಶವನ್ನು ನಮ್ಮ ಶಾಸನಸಭೆಗಳು ಈವರೆಗೂ ಕೊಟ್ಟಿಲ್ಲ. ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮಿನ ಎರಡನೆಯ ಉಪಬಂಧವನ್ನು ವಿಸ್ತೃತ ಪೀಠವು ಹೇಗೆ ಅರ್ಥೈಸಿದರೂ ಆ ಕೊರತೆಯು ತೀರ್ಪಿನಿಂದ ತುಂಬತಕ್ಕದ್ದಲ್ಲ, 30ನೆಯ ಕಲಮಿನ ತಿದ್ದುಪಡಿಯಿಂದಲೇ ತುಂಬಬೇಕು.