ಪ್ಲಾಸ್ಮಾ ಅನಿಲೀಕರಣ
ವಿದ್ಯುತ್ ಚಾಪದಿಂದ ಜನಿಸುವ, ಹಲವು ಸಹಸ್ರ ಡಿಗ್ರಿ ಉಷ್ಣತೆಯುಳ್ಳ ಪ್ಲಾಸ್ಮಾದ ನೆರವಿನಿಂದ, ಮಿತವಾದ ಆಮ್ಲಜನಕದಲ್ಲಿ ತ್ಯಾಜ್ಯವನ್ನು ವಿಘಟಿಸಿ, ಅದರ ಸೇಂದ್ರಿಯಾಂಶವನ್ನು ಕಾರ್ಬನ್ ಮಾನಾಕ್ಸೈಡ್ ಹಾಗೂ ಜಲಜನಕಗಳೇ ಪ್ರಧಾನವಾದ ಇಂಧನಾನಿಲವನ್ನಾಗಿಯೂ, ನಿರಿಂದ್ರಿಯಾಂಶವನ್ನು ಗಾಜಿನಂತಹ ಕಿಟ್ಟವನ್ನಾಗಿಯೂ ಮಾರ್ಪಡಿಸುವ ವಿಧಾನ. ಭಾರಲೋಹಗಳು ಈ ಕಿಟ್ಟದಲ್ಲಿ ಬಹುಮಟ್ಟಿಗೆ ಬಂಧಿತವಾಗಿ ಅಂತರ್ಜಲಕ್ಕೆ ಸುಲಭವಾಗಿ ಸೋರವು. ಡಯಾಕ್ಸಿನ್ನುಗಳಂತಹ ವಿಷಗಳೂ ಆ ಉಷ್ಣತೆಯಲ್ಲಿ ನಾಶವಾಗುವುವಾದರೂ, ಅನಿಲವನ್ನು ಶೀಘ್ರವಾಗಿ ತಣಿಸಿ ಶೋಧಿಸದಿದ್ದಲ್ಲಿ ಪುನಃ ರೂಪುಗೊಳ್ಳಬಲ್ಲುವು. ಪ್ಲಾಸ್ಟಿಕ್ಕಿನೊಳಗಣ ಪೆಟ್ರೋಲಿಯಂ ಮೂಲದ ಇಂಗಾಲವು ಅನಿಲದ ದಹನಾನಂತರ ಕಾರ್ಬನ್ ಡೈಆಕ್ಸೈಡ್ ಆಗಿ ವಾಯುಮಂಡಲವನ್ನು ಸೇರುವುದರಿಂದಲೂ, ಆ ದಹನದಿಂದ ಉತ್ಪನ್ನವಾದ ವಿದ್ಯುತ್ತಿನ ಗಣನೀಯ ಭಾಗವನ್ನು ಸ್ಥಾವರವೇ ವ್ಯಯಿಸುವುದರಿಂದಲೂ, ಇದನ್ನು ನಿರ್ಮಲ ಶಕ್ತಿಯೆಂದು ಕರೆಯುವುದು ಉಚಿತವಲ್ಲ. ಈ ವಿಧಾನವನ್ನು ಬಳಸುತ್ತಿದ್ದ ಜಪಾನಿನ ಉತಾಶಿನಾಯ್ ಸ್ಥಾವರ 2013ರಲ್ಲಿ ಮುಚ್ಚಿತು. ಇಂಗ್ಲೆಂಡಿನ ಟೀಸ್ ಕಣಿವೆಯಲ್ಲಿ ತಲಾ ಸುಮಾರು 50 ಮೆಗಾವ್ಯಾಟ್ ಸಾಮರ್ಥ್ಯದ ಇಂತಹ ಎರಡು ಸ್ಥಾವರಗಳನ್ನು ಕಟ್ಟತೊಡಗಿದ್ದ ಏರ್ ಪ್ರಾಡಕ್ಟ್ಸ್ ಸಂಸ್ಥೆಯು ತಾಂತ್ರಿಕ ತೊಡಕುಗಳ ದೆಸೆಯಿಂದ 2016ರಲ್ಲಿ ಆ ಉದ್ಯಮವನ್ನೇ ತ್ಯಜಿಸಿತು.